ಮನೆಯ ಅಡಚಣೆ

ಪ್ರಮಿಳಾ ಕೆಲಸ ಬಿಟ್ಟ ಸುದ್ದಿ ಬ್ರಾಹ್ಮಿಗೆ ತಿಳಿದದ್ದು ಒಂದು ಸೋಮವಾರ ಬೆಳಿಗ್ಗೆ. ಟೇಬಲ್ಲಿನ ಮೇಲೆ ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ನಾಲ್ಕಾಗಿ ಮಡಚಿ ಇಟ್ಟಿದ್ದರು. ದುಂಡನೆಯ ಅಕ್ಷರ. "ಮನೆಯ ಅಡಚಣೆ ಇರುವುದರಿಂದ ನಾನು ಇನ್ನು ಮುಂದೆ ಕೆಲಸಕ್ಕೆ ಬರುವುದಿಲ್ಲ. ಒಂಬತ್ತು ವರ್ಷ ಅನ್ನ ಕೊಟ್ಟ ಕಂಪನಿಗೆ ನಮಸ್ಕಾರ." ಅಷ್ಟೇ.

ಬ್ರಾಹ್ಮಿ ಅದನ್ನು ಎರಡು ಸಲ ಓದಿದಳು. ಬೆಳಗಾವಿ ಊರಾಚೆಯ ಆ ಎರಕದ ಕಾರ್ಖಾನೆಯಲ್ಲಿ ಅವಳು ಎಚ್.ಆರ್. ಮುಖ್ಯಸ್ಥೆಯಾಗಿ ಬಂದು ಆರು ವರ್ಷವಾಗಿತ್ತು. ರಾಜೀನಾಮೆ ಅವಳಿಗೆ ಹೊಸದಲ್ಲ. ಆದರೆ ಇದು ಪ್ರಮಿಳಾಳದು. ಎರಡೇ ವಾರದ ಹಿಂದೆ, ಮಾರ್ಚ್ ಎಂಟರಂದು, ಕ್ಯಾಂಟೀನಿನ ಮುಂದೆ ಶಾಮಿಯಾನ ಹಾಕಿಸಿ, ಮಾಲಕರಾದ ಬಸಲಿಂಗಪ್ಪನವರ ಕೈಗೆ ಮೈಕು ಕೊಟ್ಟು, "ನಮ್ಮ ಕಾರ್ಖಾನೆಯ ಮೊದಲ ಮಹಿಳಾ ಲೈನ್ ಲೀಡರ್ ಪ್ರಮಿಳಾ" ಎಂದು ಅವಳೇ ಹೇಳಿಸಿದ್ದಳು. ಅದಕ್ಕಾಗಿ ಎಂಟು ತಿಂಗಳು ಮೀಟಿಂಗಿನ ಮೇಲೆ ಮೀಟಿಂಗು ಮಾಡಿ, ಒಲ್ಲೆನೆಂದವರನ್ನೆಲ್ಲ ಒಪ್ಪಿಸಿದ್ದಳು. ಆವತ್ತು ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಮಿಳಾ ಕೂಡ ತಟ್ಟಿದಳು, ತನ್ನದೇ ಹೆಸರಿಗೆ. ಪಕ್ಕದವಳು ಮೊಳಕೈಯಿಂದ ತಿವಿದ ಮೇಲೆಯೇ ಅವಳು ಗಾಬರಿಯಾಗಿ ಎದ್ದು ನಿಂತದ್ದು. ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತ್ತು. ಬ್ರಾಹ್ಮಿಯೂ ನಕ್ಕಿದ್ದಳು. ಎಂಥ ಸಂಕೋಚದ ಹೆಣ್ಣುಮಗಳು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದಳು.

ಪ್ರಮಿಳಾಳದು ತಪಾಸಣೆಯ ಕೆಲಸ. ಎರಕದಿಂದ ಬಂದ ಒಂದೊಂದು ಕಾಸ್ಟಿಂಗನ್ನೂ ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಪುಟ್ಟ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಕೊಡುವುದು. ಗಟ್ಟಿ ಇದ್ದದ್ದು ಗಂಟೆಯ ಹಾಗೆ ನುಡಿಯುತ್ತದೆ. ಒಳಗೆ ಬಿರುಕಿದ್ದದ್ದು ಸತ್ತ ದನಿ ಕೊಡುತ್ತದೆ. ದಿನಕ್ಕೆ ಸಾವಿರ ಪೆಟ್ಟು. ಅವಳ ಕೈ ದಾಟಿ ಹೋದ ಮಾಲು ಒಂಬತ್ತು ವರ್ಷದಲ್ಲಿ ಗಿರಾಕಿಯಿಂದ ವಾಪಸು ಬಂದದ್ದೇ ಅಪರೂಪ. "ಪ್ರಮಿಳಾನ ಕಿವಿ ಅಂದ್ರ ಬಂಗಾರದ ಕಿವಿ" ಎಂದು ಸೂಪರ್‌ವೈಸರ್ ನಾಗಲಿಂಗ ಹೊಸಬರಿಗೆಲ್ಲ ಹೇಳುತ್ತಿದ್ದ.

ಅದೇ ನಾಗಲಿಂಗನನ್ನು ಬ್ರಾಹ್ಮಿ ಕರೆಸಿದಳು. ಇಪ್ಪತ್ತೆರಡು ವರ್ಷದ ಹಳೆಯ ಆಳು. ಶೆಡ್ಡಿನ ಈ ತುದಿಯಲ್ಲಿ ಕರೆದರೆ ಆ ತುದಿಯಲ್ಲಿದ್ದವನು ಎದ್ದು ಬರಬೇಕು, ಅಂಥ ಗಂಟಲು. ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತಾಗಲೂ ಅದು ತಗ್ಗುತ್ತಿರಲಿಲ್ಲ.

"ನಾ ಮೊದಲ ಹೇಳಿದ್ದಿಲ್ಲೇನ್ರಿ ಮೇಡಮ್? ಟೇಬಲ್ ಮ್ಯಾಲಿನ ಕೆಲಸಕ್ಕ ಆಕಿ ಹುಲಿ. ಮಂದೀನ ಸಂಭಾಳಸೂದು ಬ್ಯಾರೆ. ಗುರುವಾರ ಏನ್ ಮಾಡಿದ್ಲು ಗೊತ್ತೇನ್ರಿ? ಆ ಮಾಲಿನ ಲಾಟ್ ಬಿಡಬ್ಯಾಡ್ರಿ ಅಂತ ವಾಕಿಟಾಕಿ ಮ್ಯಾಲೆ ಹೇಳೀನಿ. ಪೂರಾ ಲಾಟ್ ಬಿಟ್ಟು ಕುಂತಾಳ! ಗೇಟಿನ್ಯಾಗ ಲಾರಿ ತಡದ್ರು, ಬಚಾವಾದಿವಿ."

"ನೀವು ಬೈದ್ರೇನು?"

"ಬೈದ್ನಿ. ಎಲ್ಲಾರ ಮುಂದ ಬೈದ್ನಿ. ಅಲ್ಲಿ ಯಾರಿದ್ರೂ ಬೈತಿದ್ನಿ. ಅದರಾಗ ನಾ ಹೆಣ್ಣು ಗಂಡು ಅನ್ನಂಗಿಲ್ಲ."

ಅವನು ಹೋದ ಮೇಲೆ ಬ್ರಾಹ್ಮಿ ಕಪಾಟಿನಿಂದ ಕೆಲಸ ಬಿಟ್ಟವರ ಫೈಲು ತೆಗೆದಳು. ಮೂರು ವರ್ಷದಲ್ಲಿ ಮೂವತ್ತೆಂಟು ಜನ. ಬಿಡುವ ಕಾರಣ ಎಂಬಲ್ಲಿ ಇಪ್ಪತ್ತೊಂಬತ್ತು ಫಾರ್ಮುಗಳಲ್ಲಿ ಒಂದೇ ಮಾತು: ಮನೆಯ ಅಡಚಣೆ. ಬೇರೆ ಬೇರೆ ಪೆನ್ನು, ಬೇರೆ ಬೇರೆ ಕೈ, ಕೆಲವು ಮರಾಠಿಯಲ್ಲಿ, ಆದರೆ ಮಾತು ಅದೇ. ಈ ಫಾರ್ಮುಗಳನ್ನೆಲ್ಲ ಕೂಡಿಸಿ ಬಣ್ಣದ ಚಿತ್ರ ಮಾಡಿ, ಕೆಲಸ ಬಿಡುವವರಲ್ಲಿ ನೂರಕ್ಕೆ ಎಪ್ಪತ್ತಾರು ಜನ ಸ್ವಂತ ಕಾರಣಕ್ಕೆ ಬಿಡುತ್ತಾರೆ, ನಮ್ಮ ಕಡೆಯಿಂದ ಲೋಪವಿಲ್ಲ ಎಂದು ಹೋದ ವರ್ಷ ಮಾಲಕರಿಗೆ ತೋರಿಸಿದವಳು ಅವಳೇ. ಇಷ್ಟೂ ಮನೆಗಳಲ್ಲಿ ಒಂದಕ್ಕಾದರೂ ಹೋಗಿ, ಏನಮ್ಮಾ ಅಡಚಣೆ ಎಂದು ಕೇಳಿದವರು ಯಾರೂ ಇಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು. ಕಿವಿ ಬೆಚ್ಚಗಾಯಿತು.

ಪ್ರಮಿಳಾಳ ಹೆಸರಿನ ಮುಂದಿದ್ದ ನಂಬರಿಗೆ ಫೋನು ಮಾಡಿದರೆ ಅವಳ ಗಂಡ ಸುಜಯ ಎತ್ತಿದ. ಗೋವಾ ಕಡೆ ಸಾಮಾನು ಹೊರುವ ಗಾಡಿಯ ಡ್ರೈವರ್ ಅವನು.

"ನಾ ಗಾಡಿ ಮ್ಯಾಲಿದ್ದೀನ್ರಿ ಮೇಡಮ್. ಆಕಿ ಫೋನಿನ್ಯಾಗ ಮಾತಾಡಂಗಿಲ್ಲ. ಮಾತಾಡೂದಿದ್ರ ಮನಿಗೇ ಬರ್ರಲಾ" ಎಂದವನು ಒಂದು ಕ್ಷಣ ತಡೆದ. "ಬರೂದಿಲ್ಲ ಬಿಡ್ರಿ ನೀವು. ಖಾನಾಪುರ ದೂರ ಆಕ್ಕೈತಿ."

ಮಂಗಳವಾರ ಮೂರೂವರೆಗೆ ಮೊದಲ ಶಿಫ್ಟು ಬಿಟ್ಟಾಗ ಬ್ರಾಹ್ಮಿ ಖಾನಾಪುರದ ಕಂಪನಿ ಬಸ್ಸು ಹತ್ತಿದಳು. ಅವಳ ಸಹಿಯಿಂದಲೇ ಓಡುವ ಬಸ್ಸು. ಹತ್ತಿದ್ದು ಅದೇ ಮೊದಲು. ಕಾರು ತರಬಹುದಾಗಿತ್ತು. ಆದರೆ ಕಾರು ಪ್ರಮಿಳಾಳ ಓಣಿಗೆ ಹೋದರೆ ಇಡೀ ಓಣಿ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅವಳನ್ನು ಕಂಡದ್ದೇ ಬಸ್ಸಿನ ಮಾತು ನಿಂತುಹೋಯಿತು. ಅರ್ಧ ಕನ್ನಡ, ಅರ್ಧ ಮರಾಠಿಯ ಗದ್ದಲ, ಗುಂಡಿ ಒತ್ತಿ ಆರಿಸಿದ ಹಾಗೆ. "ಬಸಾ ಮ್ಯಾಡಮ್, ಬಸಾ" ಎಂದು ಯಾರೋ ಜಾಗ ಬಿಟ್ಟರು. ಬಲಗಡೆ ಸಾಲಿನಲ್ಲಿ, ನಡುವೆ, ಕಿಟಕಿಯ ಪಕ್ಕದ ಸೀಟೊಂದು ಖಾಲಿ ಇದ್ದದ್ದು ಕಂಡು ಅವಳು ಅತ್ತ ಹೊರಟಳು. ಪಕ್ಕದಲ್ಲಿದ್ದ ಕಾಶವ್ವ ಕಾಲು ಸರಿಸಲಿಲ್ಲ. ಪ್ಯಾಕಿಂಗ್ ವಿಭಾಗದ ಕಾಶವ್ವ ಅಂಜುವವಳಲ್ಲ.

"ಅದು ಪ್ರಮಿಳಾನ ಜಾಗಾ ರೀ."

"ಆಕಿ ಇನ್ನ ಬರಂಗಿಲ್ಲಂತ ಬರದು ಕೊಟ್ಟಾಳಲ್ಲ, ಕಾಶವ್ವ?"

"ಬರದು ಕೊಟ್ರ ಏನಾತ್ರಿ? ಜಾಗಾ ಆಕೀದು."

ಬ್ರಾಹ್ಮಿ ಹಿಂದಿನ ಸೀಟಿನಲ್ಲಿ ಕೂತಳು. ಊರು ದಾಟಿ, ದೇಸೂರು ದಾಟಿ, ರಸ್ತೆಯ ಎರಡೂ ಬದಿ ಗೋಡಂಬಿ ಗಿಡಗಳು ಹೂ ಬಿಟ್ಟು ನಿಂತಿದ್ದವು. ಸುಮಾರು ಹೊತ್ತಿನ ಮೇಲೆ ಅವಳು ಮುಂದೆ ಬಾಗಿ ಕೇಳಿದಳು: "ಒಂಬತ್ತು ವರ್ಷ ಇದೇ ಸೀಟೇನು ಆಕೀದು? ಯಾಕ?"

ಕಾಶವ್ವ ತಿರುಗಿ ಅವಳ ಮುಖವನ್ನು ಚೆನ್ನಾಗಿ ನೋಡಿದಳು. "ಅದು ನಾವು ಹೇಳೂ ಮಾತಲ್ಲರಿ ಮೇಡಮ್. ಆಕೀನ್ನ ಕೇಳ್ರಿ. ಕೇಳಾಕಂತ ಹೊಂಟೀರಿ, ಹೌದಲ್ಲೋ?"

ಆ ಬಸ್ಸಿಗೆ ಏನೋ ಗೊತ್ತಿತ್ತು. ತನ್ನ ಫೈಲಿಗೆ ಅದು ಗೊತ್ತಿರಲಿಲ್ಲ.

ಪ್ರಮಿಳಾಳ ಮನೆ ಮಲಪ್ರಭೆಯ ಕಡೆಗೆ ಇಳಿಯುವ ಓಣಿಯಲ್ಲಿ, ಹಂಚಿನ ಮನೆ. ಅಂಗಳದಲ್ಲಿ ಅತ್ತೆ ಫಕೀರವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ತೆರೆದ ಬಾಗಿಲಿನಾಚೆ, ಒಲೆಯ ಮುಂದೆ, ಪ್ರಮಿಳಾಳ ಬೆನ್ನು ಕಾಣುತ್ತಿತ್ತು. ಬ್ರಾಹ್ಮಿ ಚಪ್ಪಲಿ ಬಿಟ್ಟು, "ಪ್ರಮಿಳಾ" ಎಂದು ಕರೆದಳು. ಇನ್ನೊಮ್ಮೆ ಕರೆದಳು. ಬೆನ್ನು ಅಲುಗಲಿಲ್ಲ. ಇಷ್ಟು ಸಿಟ್ಟೇ ಎಂದು ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಫಕೀರವ್ವ ಮೊರದಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಸೊಸೆಯ ಬೆನ್ನಿಗೆ ಎಸೆದಳು. ಪ್ರಮಿಳಾ ಥಟ್ಟನೆ ತಿರುಗಿದಳು. ಬ್ರಾಹ್ಮಿಯನ್ನು ಕಂಡು ಮುಖ ಬಿಳಿಚಿತು.

"ಅಯ್ಯ, ಮೇಡಮ್... ಬರ್ರಿ, ಒಳಗ ಬರ್ರಿ."

ಚಾಪೆ ಹಾಸಿದರು. ಬ್ರಾಹ್ಮಿ ಪ್ರಮಿಳಾಳ ಪಕ್ಕದಲ್ಲಿ ಕೂರಲು ಹೋದಾಗ ಮುದುಕಿ ಅಂಗಳದಿಂದಲೇ ಕೂಗಿದಳು: "ಆ ಬಾಜೂ ಕುಂದರಬ್ಯಾಡ್ರಿ ಯವ್ವಾ. ಎಡಕ್ಕ ಬರ್ರಿ. ಬಲಗಿವಿ ಆಕೀದು ಪೂರಾ ಬಂದ್."

ಪ್ರಮಿಳಾ ಅತ್ತೆಯನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಎದ್ದು ಹೋಗುತ್ತಿದ್ದರು. ಫಕೀರವ್ವ ಅಕ್ಕಿ ಕೇರುವುದನ್ನೂ ನಿಲ್ಲಿಸಲಿಲ್ಲ. "ಏನ್ ಹಂಗ ನೋಡ್ತಿ? ಕೆಲಸ ಬಿಟ್ಟ ಮ್ಯಾಲೆ ಇನ್ನೆಂಥಾ ಮುಚ್ಚುಮರಿ?"

ಬಸ್ಸಿನ ಬಲಗಡೆಯ ಕಿಟಕಿ ಸೀಟು ಯಾಕೆಂದು ಬ್ರಾಹ್ಮಿಗೆ ತಿಳಿಯಿತು; ಅವಳು ಎಡಕ್ಕೆ ಬಂದು ಕೂತಳು. ಆಮೇಲೆ ಪ್ರಮಿಳಾ ಹೇಳತೊಡಗಿದಳು, ನೆಲ ನೋಡುತ್ತ ಒಂದು ಮಾತು, ಬ್ರಾಹ್ಮಿಯ ತುಟಿ ನೋಡುತ್ತ ಒಂದು ಮಾತು. ಏಳು ವರ್ಷದವಳಿದ್ದಾಗ ಮೈಮೇಲೆ ಗೊಬ್ಬರ, ಅಂದರೆ ದಡಾರ ಎದ್ದು, ಜ್ವರ ಬಂದು, ಬಲಗಿವಿ ಸೋರಿ ಹೋಯಿತು. ಎಡಗಿವಿ ಮದುವೆಯ ಹೊತ್ತಿಗೆ ಅರ್ಧ. ಎದುರಿಗಿದ್ದವರ ತುಟಿ ಕಂಡರೆ ಮಾತು ತಿಳಿಯುತ್ತದೆ. ಬೆನ್ನ ಹಿಂದಿನದು ಇಲ್ಲ, ಫೋನಿನದು ಇಲ್ಲ, ಮೈಕಿನದಂತೂ ಇಲ್ಲವೇ ಇಲ್ಲ.

"ಶಾಮಿಯಾನದಾಗ..." ಎಂದಳು ಬ್ರಾಹ್ಮಿ.

"ಯಾರದೋ ಹೆಸರು ಕರದ್ರು ಅಂತ ಚಪ್ಪಾಳಿ ಹೊಡದ್ನಿರಿ."

ಆವತ್ತಿನ ತನ್ನ ನಗು ನೆನಪಾಗಿ ಬ್ರಾಹ್ಮಿ ತಲೆ ತಗ್ಗಿಸಿದಳು. ಆಮೇಲೆ ಕೇಳಿದಳು: "ಹಂಗಾದ್ರ ಕಾಸ್ಟಿಂಗಿನ ದನಿ ಹೆಂಗ ಕೇಳಿಸ್ತಿತ್ತು ನಿಮಗ?"

ಪ್ರಮಿಳಾ ಎದ್ದು ಹೋಗಿ ಎರಡು ಹಿತ್ತಾಳೆಯ ತಂಬಿಗೆ ತಂದಳು. ಒಂದು ಗಟ್ಟಿಯದು, ಒಂದು ಬಾಯಿ ಸೀಳಿದ್ದು. ಬ್ರಾಹ್ಮಿಯ ಎಡಗೈ ಹಿಡಿದು, ಮೂರು ಬೆರಳ ತುದಿಯಲ್ಲಿ ಕಂಠ ನೇತುಹಾಕಿಸಿದಳು. "ಅತ್ತಿ, ಮೇಡಮ್ಮಾರ ಕಿವಿ ಮುಚ್ಚು." ಫಕೀರವ್ವ ಬಂದು, ಅಕ್ಕಿಯ ದೂಳು ಹತ್ತಿದ ತನ್ನ ಎರಡೂ ಅಂಗೈಗಳನ್ನು ಬ್ರಾಹ್ಮಿಯ ಕಿವಿಗೆ ಗಟ್ಟಿಯಾಗಿ ಒತ್ತಿದಳು. ಪ್ರಮಿಳಾ ಸೌಟಿನ ಹಿಡಿಯಿಂದ ಹೊಡೆದಳು. ನಡುಕ ಬೆರಳಿನ ತುದಿಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಳಕೈಗೆ ಹರಿದು, ನಿಧಾನವಾಗಿ ತಣ್ಣಗಾಯಿತು. ಸೀಳಿದ ತಂಬಿಗೆಯಲ್ಲಿ ಅದು ಬೆರಳಿನಲ್ಲೇ ಸತ್ತುಹೋಯಿತು. ಬ್ರಾಹ್ಮಿ ಇನ್ನೊಮ್ಮೆ ಹೊಡೆಸಿದಳು. ಮತ್ತೊಮ್ಮೆ. ಫಕೀರವ್ವನಿಗೆ ನಗು ಬಂದು ಅವಳ ಅಂಗೈಗಳೂ ಕುಣಿಯತೊಡಗಿದವು.

"ಬಂಗಾರದ ಕಿವಿ ಅಂತಾರ ನಾಗಲಿಂಗಣ್ಣಾರು" ಎಂದಳು ಪ್ರಮಿಳಾ. ಅವಳೂ ನಕ್ಕಳು. ನಗು ಬೇಗ ಆರಿತು.

"ಕೆಲಸಕ್ಕ ಸೇರೂಮುಂದ ಯಾಕ ಹೇಳಲಿಲ್ಲ ಪ್ರಮಿಳಾ? ಫಾರ್ಮಿನ್ಯಾಗ ಒಂದು ಜಾಗಾ ಇತ್ತಲ್ಲ, ನ್ಯೂನತೆ ಏನರ ಇದ್ರ ಬರೀರಿ ಅಂತ."

"ಇತ್ರಿ. ಆವತ್ತು ಸಾಲಿನ್ಯಾಗ ನನ್ನ ಮುಂದ ಒಬ್ಬಾಂವ ನಿಂತಿದ್ದ. ಒಂದ್ ಕಣ್ಣು ಮಂದ ಐತಿ ಅಂತ ಖರೇ ಖರೇ ಬರದ. ಅಂವನ್ನ ಬಾಗಲದಾಗಿಂದನ ಹೊಳ್ಳಿ ಕಳಿಸಿದ್ರು. ನಾ ಏನಿಲ್ಲ ಅಂತ ಗೀಟು ಹಾಕಿದ್ನಿ."

ವರ್ಷಕ್ಕೊಮ್ಮೆಯ ಆರೋಗ್ಯ ತಪಾಸಣೆಯಲ್ಲಿ ಹೇಗೆ ಪಾರಾದಳು ಎನ್ನುವುದನ್ನೂ ಅವಳೇ ಹೇಳಿದಳು. ಕಿವಿಗೆ ಯಂತ್ರ ಹಾಕಿ ಕೂರಿಸುತ್ತಾರೆ. ಸದ್ದು ಕೇಳಿದಾಗ ಕೈ ಎತ್ತಬೇಕು. ಎದುರಿನ ಗಾಜಿನಾಚೆ ಗುಂಡಿ ಒತ್ತುವ ನರ್ಸಿನ ಬೆರಳು ಕಾಣುತ್ತದೆ. ಬೆರಳು ಬಾಗಿದಾಗಲೆಲ್ಲ ಪ್ರಮಿಳಾ ಕೈ ಎತ್ತುತ್ತಿದ್ದಳು. ಶ್ರವಣ ಸಾಮಾನ್ಯ ಎಂದು ಬರೆದ ಆ ಹಾಳೆಗಳಲ್ಲಿ ಆರಕ್ಕೆ ಬ್ರಾಹ್ಮಿಯ ಸಹಿ ಇತ್ತು.

"ಲೀಡರ್ ಅಂದ್ರ ವಾಕಿಟಾಕಿ. ಮುಂಜಾನೆ ಶೆಡ್ಡಿನ ಗದ್ದಲದಾಗ ನಿಂತು ಮೀಟಿಂಗ್. ಎರಡು ವಾರ ಹೆಂಗೋ ದೂಡಿದ್ನಿ. ಗುರುವಾರ ನಾಗಲಿಂಗಣ್ಣಾರು ಬಿಡಬ್ಯಾಡ್ರಿ ಅಂದಿದ್ರಂತ, ನನಗ ಬಿಡ್ರಿ ಅಂದಂಗ ಆತು. ಅನುಮಾನ ಬಂದು ತಿರುಗಿ ಕೇಳಿದ್ನಿ, ಬಿಡಲೇನ್ರಿ ಅಂತ. ಹೂಂ ಅಂದ್ರು. ಅದಷ್ಟ ಖರೇ ಕೇಳಿಸ್ತು. ಆಮ್ಯಾಲೆ ಎಲ್ಲಾರ ಮುಂದ..." ಅವಳು ಸೆರಗಿನ ಚುಂಗು ಸುತ್ತಿದಳು. "ಇನ್ನೊಂದ್ ಸಲ ಹಿಂಗಾದ್ರ ಗೊತ್ತಾಗೇ ಆಕ್ಕಿತ್ತು. ಸುಳ್ಳು ಬರದು ಸೇರಿದಾಕಿ ಅಂತ ಹೊರಗ ಹಾಕಿಸ್ಕೊಳ್ಳೂದಕ್ಕಿಂತ ನಾನ ಬಿಡೂದು ಚಲೋ ಅನಿಸ್ತು."

ಬ್ರಾಹ್ಮಿಗೆ ದಾರಿ ಕಂಡಂತಾಯಿತು. ಕಂಪನಿಯೇ ಕಿವಿಯ ಯಂತ್ರ ಕೊಡಿಸುತ್ತದೆ ಎಂದಳು, ಒಳ್ಳೆಯದೇ ಕೊಡಿಸುತ್ತದೆ ಎಂದಳು. ಪ್ರಮಿಳಾ ಎದ್ದು ಗೋಡೆಯ ಗೂಡಿನಿಂದ ಚಿಕ್ಕ ಡಬ್ಬಿ ತಂದು ಮುಂದಿಟ್ಟಳು. ಯಂತ್ರ ಅದರೊಳಗೆ ಹತ್ತಿಯಲ್ಲಿ ಮಲಗಿತ್ತು.

"ಮನ್ಯಾಗ ಬರೋಬ್ಬರಿ ಐತಿರಿ. ಶೆಡ್ಡಿನ್ಯಾಗ ಹಾಕ್ಕೊಂಡ್ರ ಮಶೀನೆಲ್ಲಾ ತಲಿಯೊಳಗ ಬಂದು ಕುಂದರ್ತಾವ."

ಬ್ರಾಹ್ಮಿ ಡಬ್ಬಿಯನ್ನೇ ನೋಡುತ್ತ ಕೂತಳು. ಎಂಟು ತಿಂಗಳು ಈ ಹೆಣ್ಣುಮಗಳ ಬಗ್ಗೆ ಮಾಲಕರ ಜೊತೆ, ಸೂಪರ್‌ವೈಸರುಗಳ ಜೊತೆ, ಪುಣೆಯ ಗಿರಾಕಿಗಳ ಜೊತೆ ಅವಳು ಮಾತಾಡಿದ್ದಳು. ಇವಳ ಜೊತೆ ಮಾತ್ರ ಆಡಿರಲಿಲ್ಲ.

"ಹಂಗಾರ ನಿಮಗ ಏನ್ ಬೇಕು, ಪ್ರಮಿಳಾ?"

ಆ ಪ್ರಶ್ನೆಗೆ ಪ್ರಮಿಳಾ ತಯಾರಿರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. "ಟೇಬಲ್ ಐತಲ್ರಿ, ಹ್ವಾದ ವರ್ಷ ಶೆಡ್ ನೆಟ್ಟಗ ಮಾಡೂಮುಂದ ಅದನ್ನ ಗ್ವಾಡಿಗೆ ಮುಖಾ ಮಾಡಿ ಇಟ್ರು. ಬಂದವ್ರು ಎಲ್ಲಾ ನನ್ನ ಬೆನ್ನಿಗೆ ಮಾತಾಡ್ತಾರ. ಅದನ್ನ ತಿರುಗಿಸಿದ್ರ ಸಾಕು. ಬಿಡೂದು ತಡಿಯೂದು ಬೋರ್ಡ್ ಮ್ಯಾಲೆ ಬರೀಲಿ. ಮತ್ತ ಲೀಡರ್ ಬ್ಯಾಡ್ರಿ. ನೀವು ಒಂದು ಮಾತು ಕೇಳಿದ್ರ ಆವತ್ತ ಹೇಳ್ತಿದ್ನಿ." ಕೊನೆಗೆ ಮೆಲ್ಲಗೆ ಸೇರಿಸಿದಳು: "ಮತ್ತ ಯಾರಿಗೂ ಹೇಳಬ್ಯಾಡ್ರಿ."

ಹದಿನೈದು ದಿನ ರಜೆ ಎಂದು ಬರೆದುಕೊಳ್ಳುತ್ತೇನೆ, ಅಷ್ಟು ಸಮಯ ಕೊಡಿ ಎಂದು ಬ್ರಾಹ್ಮಿ ಕೇಳಿ ಏಳುವ ಹೊತ್ತಿಗೆ ಫಕೀರವ್ವ ತಾಟು ತಂದಿಟ್ಟಳು. ಅಕ್ಕಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಬ್ರಾಹ್ಮಿ ಬೇಡವೆಂದು ಕೈ ಅಡ್ಡ ಹಿಡಿದಳು.

"ಉಣ್ರಿ ಯವ್ವಾ, ಹೊತ್ತು ಇನ್ನ ಮುಳುಗಿಲ್ಲ. ಹೆಸರು ಕೇಳಿದಕೂಡಲೆ ಗೊತ್ತಾತು ನೀವು ಜೈನರು ಅಂತ. ನಾ ಜೈನರ ಸೋನಾಬಾಯಾರ ಹೊಲದಾಗ ದುಡದಾಕಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿಲ್ಲ."

ಆರು ವರ್ಷದಿಂದ ಮಾಲಕರ ಮೀಟಿಂಗು ಸಂಜೆ ಆರಕ್ಕೆ ಶುರುವಾಗಿ ಎಂಟಕ್ಕೆ ಊಟದಲ್ಲಿ ಮುಗಿಯುತ್ತಿತ್ತು. ಪ್ರತಿ ಸಲವೂ ಬ್ರಾಹ್ಮಿ ತಾಟು ಸರಿಸಿ "ಡಯೆಟ್‌ನಲ್ಲಿದ್ದೇನೆ" ಎನ್ನುತ್ತಿದ್ದಳು. ಸೂರ್ಯ ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಉಣ್ಣುವುದಿಲ್ಲ ಎಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಹೇಳಿದರೆ ಯಾರೂ ಕೆಲಸದಿಂದ ತೆಗೆಯುತ್ತಿರಲಿಲ್ಲ, ಆದರೂ ಹೇಳಿರಲಿಲ್ಲ. ಈ ಮುದುಕಿ ಒಂದು ಗಳಿಗೆಯಲ್ಲಿ ಕಂಡುಹಿಡಿದಿದ್ದಳು. ಬ್ರಾಹ್ಮಿ ತಾಟು ಹತ್ತಿರ ಎಳೆದುಕೊಂಡು ಹೊಟ್ಟೆ ತುಂಬ ಉಂಡಳು. ಬೆಳಗಾವಿಯ ಸದಾಶಿವನಗರದ ತನ್ನ ಮನೆ ಮುಟ್ಟುವವರೆಗೂ, ಕೆಂಪು ಬಸ್ಸಿನ ಕಿಟಕಿಗೆ ತಲೆ ಆನಿಸಿ, ಹೇಳಲಾಗದ ಮಾತು ಎಷ್ಟು ಚಿಕ್ಕದಿದ್ದರೂ ಎಷ್ಟು ಭಾರ ಎಂದು ತೂಗುತ್ತ ಬಂದಳು.

ಮರುದಿನ ನಾಗಲಿಂಗನನ್ನು ಕರೆಸಿ, ಲಾಟು ಬಿಡುವುದು, ತಡೆಯುವುದು ಇನ್ನು ಮೇಲೆ ಬೋರ್ಡಿನ ಮೇಲೆ ಬರೆದು ಸಹಿ ಮಾಡಿಯೇ ಆಗಬೇಕು ಎಂದಳು. ಅವನು ಉರಿದುಬಿದ್ದ. ತಪ್ಪು ಮಾಡಿದವಳು ಒಬ್ಬಳು, ಬರೆಯುವ ಶಿಕ್ಷೆ ತನಗೇಕೆ ಎಂದ. ಬ್ರಾಹ್ಮಿ ಎದುರಿನ ಕಾಗದದ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದಳು: "ಆವತ್ತು ಆಕಿ ಬಿಡಲೇನ್ರಿ ಅಂತ ತಿರುಗಿ ಕೇಳಿದ್ಲಂತಲ್ಲ?"

ಉತ್ತರ ಬರಲಿಲ್ಲ. ತಲೆ ಎತ್ತಿದಳು. ನಾಗಲಿಂಗ ಮುಂದೆ ಬಾಗಿ, ಹುಬ್ಬು ಗಂಟಿಕ್ಕಿ ಅವಳ ತುಟಿಯನ್ನೇ ನೋಡುತ್ತಿದ್ದ. ನಿನ್ನೆ ಇಡೀ ಸಂಜೆ ಅವಳು ಇದೇ ನೋಟದ ಎದುರು ಕೂತಿದ್ದಳು. "ಹಾಂ?" ಎಂದ ಅವನು.

ಬ್ರಾಹ್ಮಿ ಎದ್ದು ಬಾಗಿಲು ಮುಚ್ಚಿದಳು. ಕುರ್ಚಿಯನ್ನು ಅವನೆದುರಿಗೆ ಎಳೆದು ಕೂತು, ಅದೇ ಮಾತನ್ನು ನಿಧಾನವಾಗಿ ಹೇಳಿದಳು. "ನೀವು ಹೂಂ ಅಂದ್ರಂತ, ನಾಗಲಿಂಗಣ್ಣಾರ."

ಅವನ ಮುಖದ ಮೇಲೆ ಸಿಟ್ಟು ಬಂತು, ಹೋಯಿತು. ಆಮೇಲೆ ಏನು ಬಂತೋ, ಅವನು ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡ. "ಏನೋ ಅಂದ್ಲು. ಗೊತ್ತಾಗಲಿಲ್ಲ. ಎರಡು ಸಲ ಏನಂದಿ ಅಂತ ಕೇಳಿದ್ರ ಮಂದಿ ನಗ್ತಾರ. ಹೂಂ ಅಂದುಬಿಟ್ಟಿರ್ತೀನ್ರಿ." ಅವನ ದನಿ ಮೊದಲ ಸಲ ತಗ್ಗಿತ್ತು, ಅಥವಾ ತಗ್ಗಿಸಿದೆನೆಂದು ಅವನು ತಿಳಿದಿದ್ದ. "ಇಪ್ಪತ್ತೆರಡು ವರ್ಷ ಎರಕದ ಅಚ್ಚು ಒಡಿಯೂ ಮಶೀನಿನ ಗದ್ದಲದಾಗ ನಿಂತೀನಿ. ಮನ್ಯಾಗ ಟೀವಿ ಸದ್ದಿಗೆ ಮಗಳು ದಿನಾ ಜಗಳಾ ತಗೀತಾಳ. ಇದನ್ನ ಎಲ್ಲೆರ ಬರದ್ರ ನನ್ನ ಗತಿ ಏನ್ರಿ ಮೇಡಮ್?"

ವಾಕಿಟಾಕಿಯ ಎರಡು ತುದಿಯಲ್ಲಿ ಇಬ್ಬರು, ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು. ಬ್ರಾಹ್ಮಿ ಏನನ್ನೂ ಬರೆಯಲಿಲ್ಲ.

ಮಾಲಕರ ಜೊತೆಗಿನ ಮಾತು ಇಷ್ಟು ಸಲೀಸಾಗಲಿಲ್ಲ. ಬೋರ್ಡಿಗೆ, ಟೇಬಲ್ಲಿಗೆ ಬಸಲಿಂಗಪ್ಪ ಒಪ್ಪಿದರು. ಎಲ್ಲರ ಕಿವಿಯನ್ನೂ ಹೊರಗಿನ ವೈದ್ಯರಿಂದ ಸರಿಯಾಗಿ ತಪಾಸಿಸಬೇಕು, ಏನೇ ಬಂದರೂ ಯಾರ ಕೆಲಸವೂ ಹೋಗುವುದಿಲ್ಲ ಎಂದು ನೀವೇ ಸಹಿ ಮಾಡಿ ಕೊಡಬೇಕು ಎಂದಾಗ ಎರಡು ದಿನ ಯೋಚಿಸಿ ಅದಕ್ಕೂ ಒಪ್ಪಿದರು. ಆದರೆ ಮಹಿಳಾ ಲೀಡರಿನ ಫೋಟೋ, ಪುಣೆಯ ಗಿರಾಕಿ ಕೇಳಿದ್ದ ವರದಿಗೆಂದು, ಆಗಲೇ ಹೋಗಿತ್ತು.

"ಈಗ ಇಲ್ಲ ಅಂದ್ರ ಹೆಂಗ್ರಿ? ಹೆಸರಿಗರ ಇರಲಿ ಬಿಡ್ರಿ."

"ಹೆಸರಿಗೆ ಇರೂದಾದ್ರ ಆ ವರದಿಗೆ ನಾ ಸಹಿ ಮಾಡಂಗಿಲ್ಲರಿ ಸರ್" ಎಂದಳು ಬ್ರಾಹ್ಮಿ. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು. ಹೊರಗೆ ಹೊತ್ತು ಇಳಿಯುತ್ತಿತ್ತು. ಊಟ ತರಿಸಲೇ ಎಂದು ಕೇಳಿದಾಗ ಬ್ರಾಹ್ಮಿ ಮೊದಲ ಬಾರಿಗೆ ನಿಜ ಹೇಳಿದಳು. ಬಸಲಿಂಗಪ್ಪ ಕಣ್ಣರಳಿಸಿದರು. "ಆರು ವರ್ಷ ಡಯೆಟ್ ಡಯೆಟ್ ಅಂತ ಉಪಾಸ ಕುಂತೀರೇನು? ಮೊದಲ ಹೇಳಬಾರದೇನ್ರಿ!" ಅವರ ಮಾತಿನಲ್ಲಿ ಖಂಡಿತ ಅಂತಃಕರಣವಿತ್ತು. ತಾನೂ ಖಾನಾಪುರದಲ್ಲಿ ಪ್ರಮಿಳಾಳನ್ನು ಇದೇ ಮಾತು ಕೇಳಿದ್ದು ಬ್ರಾಹ್ಮಿಗೆ ನೆನಪಾಯಿತು. ಕೇಳುವವರಿಗೆ ಅದೆಷ್ಟು ಸುಲಭ! ಆ ವಾರ ಅವಳು ಪುಣೆಗೆ ಪತ್ರ ಬರೆದು, ಆ ಫೋಟೋ ತೆಗೆದುಹಾಕಿ ಎಂದು ತಿಳಿಸಿದಳು. ಮಾಲಕರು ಒಂದು ತಿಂಗಳು ಅವಳೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಪ್ರಮಿಳಾ ಹದಿಮೂರನೆಯ ದಿನ ಬಂದಳು. ಟೇಬಲ್ಲು ತಿರುಗಿ ನಿಂತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಇಡೀ ಶೆಡ್ಡು ಎದುರಿಗೆ.

ಕಿವಿಯ ತಪಾಸಣೆಯ ಮೊದಲ ದಿನ, ನೂರ ಅರವತ್ತು ಜನರಲ್ಲಿ ಬಂದವರು ಹನ್ನೊಂದು, ಅವರೂ ಎಲ್ಲ ಆಫೀಸಿನವರು. ಕಿವುಡರನ್ನು ಆರಿಸಿ ಮನೆಗೆ ಕಳಿಸುತ್ತಾರಂತೆ ಎಂದು ಮೂರೂ ಬಸ್ಸುಗಳಲ್ಲಿ ಸುದ್ದಿಯಾಗಿತ್ತು. ಮಾಲಕರ ಸಹಿಯ ಪತ್ರ ಗೋಡೆಯ ಮೇಲಿತ್ತು. ಅದನ್ನು ಓದಿದವರೂ ನಂಬಿರಲಿಲ್ಲ. ಬ್ರಾಹ್ಮಿ ಅವರನ್ನು ದೂರಲಿಲ್ಲ. ಕಣ್ಣು ಮಂದ ಎಂದು ಬರೆದವನನ್ನು ಬಾಗಿಲಿನಿಂದ ಕಳಿಸಿದ ಕಂಪನಿಯನ್ನು ಒಂದು ಹಾಳೆ ನೋಡಿ ಯಾರು ನಂಬುತ್ತಾರೆ?

ಎರಡನೆಯ ದಿನ ಬೆಳಗಿನ ಚಹಾದ ಹೊತ್ತಿಗೆ ನಾಗಲಿಂಗ ಶೆಡ್ಡಿನ ನಡುವಿನಿಂದ ಎಲ್ಲರಿಗೂ ಕಾಣುವ ಹಾಗೆ ನಡೆದು ಬಂದು ತಪಾಸಣೆಯ ಕೋಣೆಯ ಮುಂದೆ ನಿಂತ. "ನಂದೂ ಬರಕೋರಿ ಡಾಕ್ಟ್ರ!" ಎಂದು ಎಂದಿನ ಗಂಟಲಿನಲ್ಲಿ ಕೂಗಿದ. "ನಾನಂತೂ ಫೇಲ್ ಆಗಾವ. ನೋಡೂಣು, ಏನ್ ಮಾಡ್ತಾರ." ಮೂರು ದಿನ ಕಳೆದರೂ ಅವನಿಗೆ ಏನೂ ಆಗದ್ದನ್ನು ನೋಡಿ ಜನ ಒಬ್ಬೊಬ್ಬರಾಗಿ ಬಂದರು. ಈ ಸಲ ನರ್ಸು ಅಡ್ಡ ಪರದೆಯ ಹಿಂದೆ ಇದ್ದಳು. ಕೊನೆಯ ದಿನ ಪ್ರಮಿಳಾ ಬಂದು, ಸದ್ದು ಕೇಳದ ಕಡೆ ಕೈ ಎತ್ತದೆ ಸುಮ್ಮನೆ ಕೂತಳು.

ನಲವತ್ತಮೂರು ಜನರಿಗೆ ಕೇಳುವುದು ಕಡಿಮೆಯಾಗಿತ್ತು. ಅಚ್ಚು ಒಡೆಯುವ ಯಂತ್ರದ ಸುತ್ತ ಸದ್ದು ತಡೆಯುವ ಗೋಡೆ ಏಳುವಷ್ಟರಲ್ಲಿ ಮಳೆಗಾಲ ಬಂತು. ನಾಗಲಿಂಗನನ್ನು ಅಲ್ಲಿಂದ ತೆಗೆದು ಮಾಲು ಕಳಿಸುವ ವಿಭಾಗಕ್ಕೆ ಹಾಕಿದಾಗ ಅವನು ಸಂತೋಷಪಡಲಿಲ್ಲ. ತನ್ನ ಯಂತ್ರ ಕಿತ್ತುಕೊಂಡರು ಎಂದು ಬಹಳ ದಿನ ಬ್ರಾಹ್ಮಿಯ ಮೇಲೆ ಮುನಿಸಿಕೊಂಡ. ಪ್ರಮಿಳಾ ತನ್ನ ಸಂಗತಿಯನ್ನು ಅವನೊಬ್ಬನಿಗೆ ತಾನೇ ಹೇಳಿ, ಬೆರಳಿಗೆ ಕಾಸ್ಟಿಂಗು ನೇತುಹಾಕಿ ತೋರಿಸಿದಳಂತೆ. ಅವನು ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ಕಾಶವ್ವ ಬ್ರಾಹ್ಮಿಗೆ ನಟಿಸಿ ತೋರಿಸಿದಳು.

ಲೀಡರಿನ ಜಾಗ ಎಂಟು ತಿಂಗಳು ಖಾಲಿ ಉಳಿಯಿತು. ಬ್ರಾಹ್ಮಿ ಈ ಸಲ ಒಬ್ಬೊಬ್ಬ ಹೆಣ್ಣುಮಗಳನ್ನೂ ಬೇರೆಯಾಗಿ ಕೂರಿಸಿ ಕೇಳಿದಳು: ಈ ಕೆಲಸ ನಿಮಗೆ ಬೇಕೇ? ಬೇಡವಾದರೆ ಯಾಕೆ? ಉಳಿದವರು ಬೇಡ ಎಂದರು. ಕಾಶವ್ವ ಮಾತ್ರ, ಶಿಫ್ಟು ಮುಗಿದ ಮೇಲೆ ಲೆಕ್ಕ ಒಪ್ಪಿಸಲು ಹದಿನೈದು ನಿಮಿಷ ಬೇಕು, ಬಸ್ಸು ಅಷ್ಟು ಹೊತ್ತು ನಿಂತರೆ ನಾನು ಮಾಡುತ್ತೇನೆ ಎಂದಳು. ಬಸ್ಸು ನಿಂತಿತು. ಶಾಮಿಯಾನ ಹಾಕಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಕುಲುಮೆಯ ಸತ್ಯಪ್ಪ ಬ್ರಾಹ್ಮಿಯ ಬಾಗಿಲಲ್ಲಿ ಬಂದು ನಿಂತ. ಹದಿನಾಲ್ಕು ವರ್ಷದಿಂದ ಅಲ್ಲಿ ದುಡಿಯುತ್ತಿದ್ದರೂ ಆಫೀಸಿನ ಹೊಸ್ತಿಲು ತುಳಿದವನಲ್ಲ. ಕೈಯಲ್ಲಿ ಅರ್ಜಿ ಇರಲಿಲ್ಲ, ಫಾರ್ಮು ಇರಲಿಲ್ಲ. ಒಂದು ಕಾಲು ಒಳಗೆ, ಒಂದು ಹೊರಗೆ.

"ಏನಿಲ್ಲರಿ ಮೇಡಮ್... ನಂದೂ ಒಂದ್ ಮಾತಿತ್ತು. ಮನಿ ಅಡಚಣಿ ಅಲ್ಲರಿ."

ಬ್ರಾಹ್ಮಿ ಕಂಪ್ಯೂಟರಿನಿಂದ ಮುಖ ತಿರುಗಿಸಿದಳು. ಎದ್ದು, ಅವನಿಗೊಂದು ಕುರ್ಚಿ ಎಳೆದಿಟ್ಟಳು.

"ಬರ್ರಿ ಸತ್ಯಪ್ಪಣ್ಣಾರ, ಕುಂದರ್ರಿ. ಹೇಳ್ರಿ."